ಆಟದ ಯಂತ್ರದ ಬೆಲೆಯೂ ನಿಷ್ಠಾವಂತ ಗಿರಾಕಿಯೂ

ಟಿ.ವಿ.ಗೆ ಜೋಡಿಸಿ ಆಡುವ ವಿಡಿಯೊ ಗೇಮ್ ಯಂತ್ರಗಳ, ಅಂದರೆ ಪೇಟೆಯ ಮಾತಿನಲ್ಲಿ ಕನ್ಸೋಲುಗಳ, ಬೆಲೆಯ ವಿಚಾರವು ಈ ಅಂಕಣಕ್ಕೆ ತಕ್ಕದ್ದೇ ಎಂದು ನಮ್ಮ ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಹುಡುಗರ ಆಟಕ್ಕೆ ಇಷ್ಟು ದೊಡ್ಡ ಮಾತೇಕೆ ಎಂಬ ಪ್ರಶ್ನೆಯು ಸಹಜವಾದದ್ದೇ. ಆದರೆ 2025ನೆಯ ವರ್ಷದಲ್ಲಿ ಈ ವ್ಯಾಪಾರದಲ್ಲಿ ನಡೆದ ಸಂಗತಿಯು ಅರ್ಥಶಾಸ್ತ್ರವನ್ನು ಬಲ್ಲವರನ್ನೂ ಬೆರಗುಗೊಳಿಸುವಂಥದ್ದು. ಅದರ ಪರಿಣಾಮವು ಜಪಾನು ಅಮೆರಿಕಗಳಲ್ಲಿ ನಿಲ್ಲದೆ ನಮ್ಮ ಬೆಂಗಳೂರಿನ ಕೆಲಸಗಾರನವರೆಗೂ, ಪಾವಗಡ ಮಧುಗಿರಿಗಳ ವಿದ್ಯಾರ್ಥಿಯವರೆಗೂ ಬರುವಂಥದ್ದು. ಆದುದರಿಂದ ಇದನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಯುಕ್ತವೆಂದು ತೋರುತ್ತದೆ.

ಸಂಗತಿಯು ಹೀಗಿದೆ. ಸೋನಿ ಕಂಪನಿಯವರ ಪ್ಲೇಸ್ಟೇಷನ್ 5 ಎಂಬ ಯಂತ್ರವು 2020ರ ನವೆಂಬರಿನಲ್ಲಿ ಅಮೆರಿಕದಲ್ಲಿ 499 ಡಾಲರಿಗೆ ಮಾರಾಟಕ್ಕೆ ಬಂದಿತು. ಸುಮಾರು ಐದು ವರ್ಷ ಹಳೆಯದಾದ ಮೇಲೆ, 2025ರ ಆಗಸ್ಟ್ 21ರಿಂದ, ಅದರ ಬೆಲೆಯು 549 ಡಾಲರ್ ಆಯಿತು. ಮೈಕ್ರೋಸಾಫ್ಟ್ ಕಂಪನಿಯವರು ಅದೇ 499 ಡಾಲರಿನಿಂದ ಆರಂಭಿಸಿದ್ದ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಯಂತ್ರವನ್ನು 2025ರ ಮೇ ತಿಂಗಳಲ್ಲಿ 599ಕ್ಕೂ ಅಕ್ಟೋಬರಿನಲ್ಲಿ 649ಕ್ಕೂ ಏರಿಸಿದರು. ನಿಂಟೆಂಡೊ ಕಂಪನಿಯವರು ತಮ್ಮ ಎಂಟು ವರ್ಷದ ಹಳೆಯ ಸ್ವಿಚ್ ಯಂತ್ರಕ್ಕೂ 40 ಡಾಲರ್ ಹೆಚ್ಚಿಸಿದರು. ಎತ್ತಿಗೆ ವಯಸ್ಸಾದಂತೆ ಬೆಲೆ ಏರಿದ್ದನ್ನು ನಾವಾರೂ ಯಾವ ದನದ ಜಾತ್ರೆಯಲ್ಲಿಯೂ ಕಂಡಿಲ್ಲ. ಯಂತ್ರಗಳ ಪೇಟೆಯಲ್ಲಿ ಅದು ಈಗ ಕಂಡಿದೆ.

ಇದು ಎಂಥ ವಿಪರ್ಯಾಸವೆಂಬುದನ್ನು ತಿಳಿಯಲು ಈ ವ್ಯಾಪಾರದ ಹಳೆಯ ಕ್ರಮವನ್ನು ತಿಳಿದಿರಬೇಕು. ದೀಪವನ್ನು ಅಗ್ಗಕ್ಕೆ ಕೊಟ್ಟು ಎಣ್ಣೆಯಲ್ಲಿ ಲಾಭ ತೆಗೆಯುವ ವರ್ತಕನ ನೀತಿಯೇ ಇಲ್ಲಿಯೂ ನಡೆದು ಬಂದದ್ದು. ಯಂತ್ರವನ್ನು ಅಸಲಿಗೋ ಅಸಲಿಗಿಂತ ಕಡಮೆಗೋ ಮಾರುವುದು; ಆಮೇಲೆ ಆ ಯಂತ್ರದಲ್ಲಿ ಆಡುವ ಪ್ರತಿಯೊಂದು ಆಟದ ಮಾರಾಟದಲ್ಲಿಯೂ ಒಂದು ಪಾಲನ್ನು ತೆಗೆದುಕೊಳ್ಳುವುದು. 2021ರ ಮೇ ತಿಂಗಳಲ್ಲಿ ಎಪಿಕ್ ಮತ್ತು ಆಪಲ್ ಕಂಪನಿಗಳ ವ್ಯಾಜ್ಯದಲ್ಲಿ ಸಾಕ್ಷಿ ನುಡಿದ ಮೈಕ್ರೋಸಾಫ್ಟಿನ ಅಧಿಕಾರಿಯೊಬ್ಬರು, ಎಕ್ಸ್‌ಬಾಕ್ಸ್ ಯಂತ್ರವನ್ನು ತಮ್ಮ ಕಂಪನಿಯು ಎಂದೂ ಲಾಭಕ್ಕೆ ಮಾರಿದ್ದಿಲ್ಲವೆಂದು ನ್ಯಾಯಾಲಯದ ಮುಂದೆ ಒಪ್ಪಿಕೊಂಡರು. ವರ್ಷ ಕಳೆದಂತೆ ಚಿಪ್ಪುಗಳ ತಯಾರಿಕೆಯು ಅಗ್ಗವಾಗುವುದು, ಅದರೊಡನೆ ಬೆಲೆಯೂ ಇಳಿಯುವುದು, ಮೊದಲು ಶ್ರೀಮಂತರ ಮನೆಗೆ ಹೋದ ಯಂತ್ರವು ಕೊನೆಗೆ ಬಡವರ ಮನೆಗೂ ಬರುವುದು. 2000ದಲ್ಲಿ 299 ಡಾಲರಿಗೆ ಬಂದ ಪ್ಲೇಸ್ಟೇಷನ್ 2 ಯಂತ್ರವು 2009ರಲ್ಲಿ 99 ಡಾಲರಿಗೆ ಸಿಕ್ಕುತ್ತಿದ್ದಿತು. ಒಟ್ಟು 15 ಕೋಟಿಗೂ ಮೀರಿ ಮಾರಾಟವಾಯಿತು.

ಬೆಲೆಯೊಂದೇ ಗೆಲವನ್ನು ನಿರ್ಣಯಿಸಿದ ಉದಾಹರಣೆಗಳು ಈ ವ್ಯಾಪಾರದ ಚರಿತ್ರೆಯಲ್ಲಿ ಹೇರಳವಾಗಿವೆ. 1995ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್ ನಗರದ ಪ್ರದರ್ಶನದಲ್ಲಿ ಸೇಗಾ ಕಂಪನಿಯವರು ತಮ್ಮ ಸ್ಯಾಟರ್ನ್ ಯಂತ್ರಕ್ಕೆ 399 ಡಾಲರ್ ಎಂದು ಸಾರಿದರು. ಬಳಿಕ ವೇದಿಕೆಗೆ ಬಂದ ಸೋನಿಯ ಪ್ರತಿನಿಧಿಯು "299" ಎಂಬ ಒಂದು ಸಂಖ್ಯೆಯನ್ನು ಹೇಳಿ ಕೆಳಗಿಳಿದರು. ಅಷ್ಟೇ ಭಾಷಣ! ಅದಕ್ಕೂ ಎರಡು ವರ್ಷ ಹಿಂದೆ 3ಡಿಒ ಎಂಬ ಯಂತ್ರವು 699 ಡಾಲರಿಗೆ ಬಂದು ಬಿದ್ದುಹೋಗಿದ್ದಿತು. ಅದರ ಕಾರಣವು ಗಮನಿಸತಕ್ಕದ್ದು. 3ಡಿಒ ಕಂಪನಿಯು ತಾನು ಯಂತ್ರವನ್ನು ಮಾಡದೆ ಪ್ಯಾನಸೋನಿಕ್ ಮೊದಲಾದವರಿಗೆ ಪರವಾನಗಿ ಕೊಟ್ಟಿತು. ಆಟಗಳ ಪಾಲು ಅವರಿಗೆ ಬರುವಂತಿರಲಿಲ್ಲವಾದುದರಿಂದ ಅವರು ಯಂತ್ರದಲ್ಲಿಯೇ ಲಾಭ ಹುಡುಕಬೇಕಾಯಿತು. ಎಣ್ಣೆಯ ಲಾಭವಿಲ್ಲದವನು ದೀಪವನ್ನು ಅಗ್ಗಕ್ಕೆ ಕೊಡುವನೆ?

ಅದೇ ಸೋನಿ ಕಂಪನಿಯು ಗೆಲವಿನ ಮದದಲ್ಲಿ 2006ರಲ್ಲಿ ತನ್ನ ಪಾಠವನ್ನೇ ಮರೆಯಿತು. ಪ್ಲೇಸ್ಟೇಷನ್ 3 ಯಂತ್ರಕ್ಕೆ 499 ಮತ್ತು 599 ಡಾಲರ್ ಎಂದು ಗೊತ್ತುಮಾಡಿತು. ನಿಷ್ಠೆಯುಳ್ಳ ಆಟಗಾರರು ಹೇಗೂ ಕೊಳ್ಳುವರೆಂಬ ಧೈರ್ಯವೇ ಇದರ ಬೆನ್ನಿಗಿದ್ದದ್ದು. ಅಷ್ಟು ಬೆಲೆಯಿಟ್ಟರೂ ತಯಾರಿಕೆಯ ವೆಚ್ಚವು ಹುಟ್ಟಲಿಲ್ಲ. 2007ರ ಮಾರ್ಚಿಗೆ ಮುಗಿದ ಲೆಕ್ಕದ ವರ್ಷದಲ್ಲಿ ಆ ಕಂಪನಿಯ ಆಟದ ವಿಭಾಗಕ್ಕೆ 23 ಸಾವಿರ ಕೋಟಿ ಯೆನ್‌ಗಳಿಗೂ ಮಿಕ್ಕ ನಷ್ಟವುಂಟಾಯಿತು. ಅದೇ 2006ರಲ್ಲಿ ನಿಂಟೆಂಡೊ ಕಂಪನಿಯವರು ಶಕ್ತಿಯಲ್ಲಿ ಬಹಳ ಕಡಮೆಯಾದ ವೀ ಎಂಬ ಯಂತ್ರವನ್ನು 249 ಡಾಲರಿಗೆ ತಂದು, ಅಜ್ಜ ಅಜ್ಜಿಯರನ್ನೂ ಟಿ.ವಿ.ಯ ಮುಂದೆ ಕೈ ಬೀಸುವಂತೆ ಮಾಡಿ, ಹತ್ತು ಕೋಟಿಗೂ ಮೇಲೆ ಮಾರಿದರು.

ಇಲ್ಲಿಗೆ ಮುಖ್ಯವಾದ ಪ್ರಶ್ನೆಯು ಎದುರಾಗುತ್ತದೆ. ವ್ಯಾಪಾರಿಯು ಯಾರನ್ನು ನಂಬಬೇಕು? ನಮ್ಮ ನಾಗಲಮಡಿಕೆಯ ಸುಬ್ರಹ್ಮಣ್ಯ ಸ್ವಾಮಿಯ ಸನ್ನಿಧಿಗೆ ಜಾತ್ರೆಯ ದಿನ ಬರುವ ಜನವೇ ಬೇರೆ, ಉತ್ತರ ಪಿನಾಕಿನಿಯಲ್ಲಿ ನೀರಿರಲಿ ಇಲ್ಲದಿರಲಿ ನಿತ್ಯವೂ ಬರುವ ನಾಲ್ವರು ಭಕ್ತರೇ ಬೇರೆ. ಹುಂಡಿಯು ತುಂಬುವುದು ಜಾತ್ರೆಯಿಂದ. ದೀಪವು ಆರದಂತೆ ನೋಡಿಕೊಳ್ಳುವವರು ಆ ನಾಲ್ವರು. ವೀ ಯಂತ್ರಕ್ಕೆ ಬಂದದ್ದು ಜಾತ್ರೆಯ ಜನ. 2012ರಲ್ಲಿ ಅದರ ಮುಂದಿನ ಯಂತ್ರವಾದ ವೀ ಯು ಬಂದಾಗ ಅವರು ಹಿಂದಿರುಗಲಿಲ್ಲ. ಅದು ಒಂದು ಕೋಟಿ ಮೂವತ್ತೈದು ಲಕ್ಷಕ್ಕೆ ನಿಂತುಹೋಯಿತು. ಆದುದರಿಂದ ನಿತ್ಯದ ಭಕ್ತನನ್ನು ಬಿಡಬಾರದೆಂಬ ಕಂಪನಿಗಳ ವಾದವು ಸುಳ್ಳಲ್ಲ.

ಸುಳ್ಳಲ್ಲದ ವಾದವನ್ನು ಮಿತಿ ಮೀರಿ ಎಳೆಯುತ್ತಿರುವುದೇ ಈಗಿನ ದೋಷ. ಸರ್ಕಾನ ಎಂಬ ಗಣನಾ ಸಂಸ್ಥೆಯವರು 2025ರಲ್ಲಿ ಪ್ರಕಟಿಸಿದಂತೆ, ಅಮೆರಿಕದ ಆಟಗಾರರಲ್ಲಿ ತಿಂಗಳಿಗೊಂದಕ್ಕಿಂತ ಹೆಚ್ಚಾಗಿ ಹೊಸ ಆಟಗಳನ್ನು ಕೊಳ್ಳುವವರು ನೂರಕ್ಕೆ ನಾಲ್ವರು ಮಾತ್ರ. ನೂರಕ್ಕೆ ಅರುವತ್ಮೂವರು ವರ್ಷಕ್ಕೆ ಎರಡನ್ನೋ ಅದಕ್ಕೂ ಕಡಮೆಯನ್ನೋ ಕೊಳ್ಳುತ್ತಾರೆ. ಬೆಲೆಯನ್ನು ಲಕ್ಷಿಸದೆ ಕೊಳ್ಳುವ ಆ ನಾಲ್ವರ ಮೇಲೆಯೇ ಕಂಪನಿಗಳು ಈಗ ಭಾರವನ್ನು ಹಾಕುತ್ತಿವೆ. 2024ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ 5 ಪ್ರೊ ಯಂತ್ರವು ಸ್ಪಷ್ಟವಾಗಿ ಅವರಿಗೆಂದೇ ಮಾಡಿದ್ದು. ಬೆಲೆ 699 ಡಾಲರ್, ಅದೂ ಡಿಸ್ಕ್ ಹಾಕುವ ಭಾಗವಿಲ್ಲದೆ. ಅಮೆರಿಕದ ಹೊಸ ಆಮದು ಸುಂಕಗಳು, 2025ರ ಕೊನೆಯ ತಿಂಗಳುಗಳಿಂದ ಏರಿದ ಮೆಮೊರಿ ಚಿಪ್ಪುಗಳ ದರ, ಇವೆಲ್ಲವೂ ನಿಜವಾದ ಕಾರಣಗಳೇ ಸರಿ. ಕೃತಕ ಬುದ್ಧಿಯ ಕೇಂದ್ರಗಳು ಚಿಪ್ಪುಗಳನ್ನು ರಾಶಿರಾಶಿಯಾಗಿ ನುಂಗುತ್ತಿರುವಾಗ ಆಟದ ಯಂತ್ರಕ್ಕೆ ಅಗ್ಗದ ಚಿಪ್ಪು ಎಲ್ಲಿಂದ ಬರಬೇಕು? ಹಾಗಿದ್ದರೂ, ಹಿಂದೆ ಇಂಥ ಕಷ್ಟ ಬಂದಾಗ ನಷ್ಟವನ್ನು ಹೊರುತ್ತಿದ್ದದ್ದು ಕಂಪನಿ. ಈಗ ಹೊರುತ್ತಿರುವುದು ಗಿರಾಕಿ. ಇಂದು ಹತ್ತು ವರ್ಷದ ಬಾಲಕನಾಗಿರುವವನ ಮನೆಗೆ ಯಂತ್ರವೇ ಬಾರದಿದ್ದರೆ ಇಪ್ಪತ್ತು ವರ್ಷದ ಮೇಲೆ ನಿಷ್ಠಾವಂತ ಗಿರಾಕಿಯೆಂಬವನು ಎಲ್ಲಿಂದ ಹುಟ್ಟುವನೆಂಬುದನ್ನು ಕಂಪನಿಗಳವರು ಆಲೋಚಿಸಿದಂತೆ ತೋರುವುದಿಲ್ಲ.

ಇನ್ನು ನಮ್ಮ ದೇಶದ ಸ್ಥಿತಿಯನ್ನು ನೋಡೋಣ. ಇಲ್ಲಿ ಆಟದ ಯಂತ್ರವು ಜಾತ್ರೆಯ ಜನದವರೆಗೆ ಬಂದದ್ದೇ ಅಪರೂಪ. 1990ರ ದಶಕದ ನಡುವಿನಲ್ಲಿ, ನೂರಕ್ಕೆ 80ರಷ್ಟಿದ್ದ ಆಮದು ಸುಂಕವನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಸೇಗಾ ಕಂಪನಿಯವರು ಶಾ ವಾಲೇಸ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ತಮ್ಮ ಮೆಗಾ ಡ್ರೈವ್ ಯಂತ್ರವನ್ನು ತಂದರು. ಬೆಲೆಯು 18,000 ರೂಪಾಯಿ. ಆ ಕಾಲದ ಗುಮಾಸ್ತನ ಸಂಬಳವನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಬೆಲೆ ಇಳಿದ ಪ್ಲೇಸ್ಟೇಷನ್ 2 ಮಾತ್ರವೇ ಇಲ್ಲಿ ಮಧ್ಯಮ ವರ್ಗದವರ ಮನೆಯೊಳಕ್ಕೆ ಕಾಲಿಟ್ಟಿತು. ಅದರ ಫಲವನ್ನೂ ಕಂಡೆವು: 2009ರಲ್ಲಿ ಹೈದರಾಬಾದಿನ ತಯಾರಕರು ಅದಕ್ಕಾಗಿ ಹನುಮಂತನ ಕಥೆಯ ಆಟವನ್ನೂ, ಗಿಲ್ಲಿದಾಂಡು ಕಬಡ್ಡಿಗಳನ್ನೊಳಗೊಂಡ ದೇಸೀ ಅಡ್ಡಾ ಎಂಬ ಆಟವನ್ನೂ ಮಾಡಿದರು. ಆ ಆಟಗಳ ಗುಣದೋಷಗಳ ಮಾತು ಹಾಗಿರಲಿ. ಯಂತ್ರವು ಅಗ್ಗವಾದೊಡನೆಯೇ ನಮ್ಮವರು ನಮ್ಮ ಆಟವನ್ನು ಮಾಡಲು ಕೈಹಾಕಿದರೆಂಬುದು ಸ್ಮರಣೀಯವಾದದ್ದು.

ಪ್ಲೇಸ್ಟೇಷನ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿ 2ರಂದು, 49,990 ರೂಪಾಯಿಗೆ. ಡಾಲರಿಗೆ ಆಗ ಸುಮಾರು 73 ರೂಪಾಯಿ ಇದ್ದಿತಾದುದರಿಂದ ಅಮೆರಿಕದ ಬೆಲೆಯು ನಮ್ಮ ಲೆಕ್ಕದಲ್ಲಿ 36,400 ರೂಪಾಯಿಗಳಷ್ಟು. ಮಿಕ್ಕ ಹದಿಮೂರು ಸಾವಿರವು ಎಲ್ಲಿಗೆ ಹೋಯಿತು? ಕಂಪನಿಯವರ ದುರಾಶೆಯೆಂದು ಹಲವರು ಬೈದರು. ಲೆಕ್ಕ ಹಾಕಿದರೆ ಬೇರೆ ಮಾತು ಹೊರಡುತ್ತದೆ. 2018ರ ಕೇಂದ್ರ ಮುಂಗಡಪತ್ರದಲ್ಲಿ ಇಂಥ ಯಂತ್ರಗಳ ಮೇಲಿನ ಆಮದು ಸುಂಕವನ್ನು ನೂರಕ್ಕೆ 10ರಿಂದ 20ಕ್ಕೆ ಏರಿಸಲಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಜಿ.ಎಸ್.ಟಿ. ಮಂಡಳಿಯು ತನ್ನ ತೆರಿಗೆಯನ್ನು 28ರಿಂದ 18ಕ್ಕೆ ಇಳಿಸಿತು. ಒಂದು ಕೈ ಕಿತ್ತುಕೊಂಡದ್ದನ್ನು ಇನ್ನೊಂದು ಕೈ ಕೊಟ್ಟಂತಾಯಿತು. ಇವೆರಡೂ, ಸುಂಕದ ಮೇಲಿನ ಅಧಿಭಾರವೂ ಸೇರಿದರೆ, ರೇವಿನಲ್ಲಿ ನೂರು ರೂಪಾಯಿ ಬಾಳುವ ಸರಕು ಅಂಗಡಿಗೆ ಬರುವಷ್ಟರಲ್ಲಿ ವರ್ತಕನ ಲಾಭವನ್ನು ಬಿಟ್ಟೇ 144 ರೂಪಾಯಿ ಆಗುತ್ತದೆ. ಬೆಲೆಯ ವ್ಯತ್ಯಾಸಕ್ಕೆ ಮುಖ್ಯ ಕಾರಣವು ಅಂಗಡಿಯಲ್ಲಿಯಾಗಲಿ ಟೋಕಿಯೊ ನಗರದಲ್ಲಿಯಾಗಲಿ ಇಲ್ಲ. ನಮ್ಮ ಸುಂಕದ ಕಟ್ಟೆಯಲ್ಲಿದೆ. 2022ರ ನವೆಂಬರಿನಲ್ಲಿ ಆ ಬೆಲೆಯು 54,990 ಆಯಿತು.

ಐವತ್ತೈದು ಸಾವಿರವೆಂದರೆ ಎಷ್ಟೆಂಬುದನ್ನು ನಮ್ಮ ಹೋಬಳಿಯ ಅಳತೆಯಲ್ಲಿಯೇ ಹೇಳಬಹುದು. ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಗ್ರಾಮಗಳ ಸುಮಾರು ಹದಿಮೂರು ಸಾವಿರ ಎಕರೆ ಬೆದ್ದಲು ಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆದು 2,050 ಮೆಗಾವಾಟ್ ಶಕ್ತಿಯ ಸೌರ ಸ್ಥಾವರವನ್ನು ಸ್ಥಾಪಿಸಿರುವುದು ಸರ್ವವಿದಿತವಾಗಿದೆ. ಆಗ ಗೊತ್ತಾದ ಬಾಡಿಗೆಯು ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರ ಏರಿಕೆ. ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತಿ ಸೋತವರಿಗೆ ಈ ಬಾಡಿಗೆಯೇ ಆಸರೆ. ಆ ಮೊದಲ ದರದಲ್ಲಿ ಎರಡೂವರೆ ಎಕರೆಯ ಇಡೀ ವರ್ಷದ ಬಾಡಿಗೆಯನ್ನು ಕೊಟ್ಟರೂ ಯಂತ್ರವೊಂದು ಬಾರದು; ಟಿ.ವಿ. ಬೇರೆ, ಆಟಗಳು ಬೇರೆ. ಸೂರ್ಯನಿಂದ ವಿದ್ಯುತ್ತನ್ನು ತಯಾರಿಸುವ ಊರಿನ ಹುಡುಗನಿಗೆ ಆ ವಿದ್ಯುತ್ತಿನಲ್ಲಿ ನಡೆಯುವ ಆಟಿಕೆಯು ಮೂಗಿಗಿಂತ ಮೂಗುತಿ ಭಾರವಾಗಿದೆ.

ಆಮದು ಸುಂಕದ ವಿಷಯದಲ್ಲಿ ನಮ್ಮ ನಿಲುವನ್ನು ತಪ್ಪು ತಿಳಿಯಬಾರದು. ದೇಶದ ಕೈಗಾರಿಕೆಯನ್ನು ರಕ್ಷಿಸುವ ಸುಂಕವನ್ನು ನಾವು ವಿರೋಧಿಸುವವರಲ್ಲ. 2018ರಲ್ಲಿ ಮೊಬೈಲ್ ಫೋನುಗಳ ಮೇಲೂ ನೂರಕ್ಕೆ 20ರ ಸುಂಕವೇ ಬಿದ್ದಿತು. ಇಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿಯೂ ದೇವನಹಳ್ಳಿ ತಾಲ್ಲೂಕಿನಲ್ಲಿಯೂ ಫೋನಿನ ಕಾರ್ಖಾನೆಗಳು ನಡೆದು ಸಾವಿರಾರು ಜನ ನಮ್ಮ ಹೆಣ್ಣುಮಕ್ಕಳು ಅಲ್ಲಿ ದುಡಿಯುತ್ತಿದ್ದಾರೆ. ಸರಕಾರದ ಪ್ರೋತ್ಸಾಹಧನವೂ ಇದ್ದಿತೆಂಬುದು ನಿಜ. ಆದರೆ ಅಲ್ಲಿ ಸುಂಕವು ಫಲ ಕೊಟ್ಟದ್ದೇಕೆ? ಫೋನನ್ನು ಕೊಳ್ಳುವವರು ಈ ದೇಶದಲ್ಲಿ ಆ ಮೊದಲೇ ಕೋಟಿಗಟ್ಟಲೆ ಇದ್ದರು. ಆ ಪೇಟೆಯನ್ನು ಬಿಟ್ಟಿರಲಾರದೆ ಕಾರ್ಖಾನೆಯು ಬಂದಿತು. ಆಟದ ಯಂತ್ರಕ್ಕೆ ಅಂಥ ಪೇಟೆಯೇ ಇಲ್ಲ. ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊ ಈ ಮೂವರಲ್ಲಿ ಒಬ್ಬರ ಯಂತ್ರವೂ ಇಲ್ಲಿ ತಯಾರಾದದ್ದಲ್ಲ. ನಿಂಟೆಂಡೊದವರಂತೂ ತಮ್ಮ ಸ್ವಿಚ್ ಯಂತ್ರವನ್ನು ಇಲ್ಲಿ ನೇರವಾಗಿ ಮಾರದೆ ಇದ್ದುದರಿಂದ, ಅದು ಅನಧಿಕೃತ ಆಮದುದಾರರ ಕೈಯಿಂದ ಖಾತರಿಯಿಲ್ಲದೆ ಬಂದಿತು. ಬೆಳೆಯೇ ಇಲ್ಲದ ಹೊಲಕ್ಕೆ ಬೇಲಿ ಹಾಕಿ ಕಾವಲು ಕೂತರೆ ಕಾವಲಿನವನಿಗೆ ಕೂಲಿ ಸಿಕ್ಕೀತೇ ಹೊರತು ರೈತನಿಗೆ ಕಾಳು ಸಿಕ್ಕದು.

ಸುಂಕದ ಮಾತು ಹಾಗಿರಲಿ, ಬೇರೊಂದು ಅಡ್ಡಿಯನ್ನೂ ಇಲ್ಲಿ ಹೇಳಬೇಕು. 2024ರಲ್ಲಿ ಮೇಲೆ ಹೇಳಿದ ಪ್ರೊ ಯಂತ್ರವು ಭಾರತಕ್ಕೆ ಬರಲೇ ಇಲ್ಲ. ಅದರಲ್ಲಿರುವ ವೈಫೈ 7 ವ್ಯವಸ್ಥೆಯು ಬಳಸುವ 6 ಗಿಗಾಹರ್ಟ್ಸ್ ತರಂಗಪಟ್ಟಿಗೆ ನಮ್ಮಲ್ಲಿ ಆಗ ಅನುಮತಿ ಇರಲಿಲ್ಲವೆಂದು ಕಂಪನಿಯವರು ಕಾರಣ ಹೇಳಿದರು. ದೆಹಲಿಯ ಒಂದು ಕಡತವು ಮೇಜಿನಿಂದ ಮೇಜಿಗೆ ಹೋಗುವುದು ತಡವಾದರೆ ಒಂದು ಯಂತ್ರವು ಇಡೀ ದೇಶಕ್ಕೆ ಬರುವುದು ತಪ್ಪುತ್ತದೆ.

ಹಾಗಾದರೆ ನಮ್ಮ ಯುವಕರು ಆಟವನ್ನೇ ಆಡುವುದಿಲ್ಲವೇ? ಆಡುತ್ತಾರೆ, 2016ರಲ್ಲಿ ಅಗ್ಗದ ಡೇಟಾ ಬಂದ ಮೇಲೆ ಹಳ್ಳಿಹಳ್ಳಿಯಲ್ಲಿಯೂ ಫೋನಿನಲ್ಲಿ ಆಡುತ್ತಾರೆ. ಅಲ್ಲಿ ಆಟವು ಪುಕ್ಕಟೆ. ಪುಕ್ಕಟೆಯಾದದ್ದರ ಬೆಲೆಯನ್ನು ಆಮೇಲೆ ಬೇರೆ ದಾರಿಯಲ್ಲಿ ತೆರಬೇಕಾಗುತ್ತದೆಂಬುದನ್ನು ಅಧಿಕಾರಿಗಳಾದ ನಮ್ಮ ವಾಚಕರು ಚೆನ್ನಾಗಿ ಬಲ್ಲರು. ಪಣವೊಡ್ಡಿ ಆಡುವ ಆನ್‌ಲೈನ್ ಆಟಗಳಿಂದ ಮನೆಗಳು ಹಾಳಾದುದನ್ನು ಕಂಡು ಕರ್ನಾಟಕ ಸರಕಾರವು 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದಿತು; ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ಅದರ ಮುಖ್ಯ ಅಂಶಗಳನ್ನು ರದ್ದುಪಡಿಸಿತು; ಕೊನೆಗೆ 2025ರ ಆಗಸ್ಟಿನಲ್ಲಿ ಕೇಂದ್ರ ಸಂಸತ್ತೇ ಹಣದ ಆಟಗಳನ್ನು ನಿಷೇಧಿಸಿ ಇ-ಸ್ಪೋರ್ಟ್ಸ್ ಎಂಬ ಸ್ಪರ್ಧಾತ್ಮಕ ಆಟಗಳಿಗೆ ಪ್ರೋತ್ಸಾಹ ಕೊಡುವ ಕಾಯಿದೆಯನ್ನು ಮಾಡಿತು. ನಿಷೇಧವು ಬಂದಿತು, ಪ್ರೋತ್ಸಾಹದ ಮಾತು ಕಾಗದದ ಮೇಲಿದೆ. ಮೊದಲೇ ಬೆಲೆ ಕೊಟ್ಟು ಕೊಂಡು, ಗೆದ್ದರೂ ಸೋತರೂ ಮತ್ತೆ ಕಾಸು ಕೇಳದೆ ಕಥೆ ಹೇಳುವ ಆಟಗಳು ಕನ್ಸೋಲಿನಲ್ಲಿಯೇ ಬೆಳೆದವು. ಅಲ್ಲಿಯೂ ಈಗ ಕಾಸು ಕೇಳುವ ಚಾಳಿ ಹೊಕ್ಕಿದೆಯೆಂದು ಬಲ್ಲವರು ಆಕ್ಷೇಪಿಸಬಹುದು, ಅದು ಒಪ್ಪತಕ್ಕ ಆಕ್ಷೇಪಣೆಯೇ.

ನಮಗೆ ಎಲ್ಲಕ್ಕಿಂತ ಹೆಚ್ಚಾಗಿ ನಾಟುವ ಸಂಗತಿಯು ಮತ್ತೊಂದಿದೆ. ಈ ಯಂತ್ರಗಳಲ್ಲಿ ಆಡುವ ಆಟಗಳನ್ನು ಮಾಡುವ ಕೈಗಳಲ್ಲಿ ಕೆಲವು ನಮ್ಮವೇ. ಬೆಂಗಳೂರಿನಲ್ಲಿ 1997ರಲ್ಲಿ ಆರಂಭವಾದ ಧ್ರುವ ಇಂಟರ್ಯಾಕ್ಟಿವ್ ಸಂಸ್ಥೆಯವರು ಮೈಕ್ರೋಸಾಫ್ಟಿನ ಫೋರ್ಜಾ ಹೊರೈಜನ್ 4, ಸೋನಿಯ ಡೇಸ್ ಗಾನ್ ಮೊದಲಾದ ಆಟಗಳಿಗೆ ಕಲಾಕೆಲಸವನ್ನು ಮಾಡಿಕೊಟ್ಟರು. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಸಂಸ್ಥೆಯು ಅದನ್ನು ಕೊಂಡು ತನ್ನ ಬೆಂಗಳೂರು ಶಾಖೆಯಲ್ಲಿ ಸೇರಿಸಿಕೊಂಡಿತು. ಅನಿಮೇಷನ್ ಮತ್ತು ಆಟಗಳ ಉದ್ಯಮಕ್ಕಾಗಿ 2012ರಲ್ಲಿಯೇ ಒಂದು ನೀತಿಯನ್ನು ರೂಪಿಸಿ ಇತರ ರಾಜ್ಯಗಳಿಗೆ ಮುಂಚೂಣಿಯಾದದ್ದು ಕರ್ನಾಟಕ. 2024ರಲ್ಲಿ ಅದನ್ನು ಮತ್ತೆ ಐದು ವರ್ಷಕ್ಕೆ ಹೊಸದು ಮಾಡಿದೆ. ನೇಕಾರನಿಗೆ ತಾನು ನೆಯ್ದ ಪೀತಾಂಬರವನ್ನು ಉಡುವ ಯೋಗವಿಲ್ಲವೆಂಬುದು ಹಳೆಯ ಗೋಳು. ಇಲ್ಲಿಯದು ಅದಕ್ಕಿಂತ ಮುಂದಿನದು: ಸೀರೆಯನ್ನೇ ಕಣ್ಣಿನಿಂದ ಕಾಣದವನು ನೇಕಾರನಾಗುವುದು ಹೇಗೆ? ಸಿರಾ, ಕೊರಟಗೆರೆ, ಪಾವಗಡಗಳ ಪಾಲಿಟೆಕ್ನಿಕ್ಕಿಗೆ ಸೇರುವ ಹುಡುಗನು ಈ ಕಸುಬಿಗೆ ಹೋಗಬೇಕೆಂದು ಬಯಸಿದರೆ ಒಳ್ಳೆಯ ಆಟವೊಂದು ಕೈಯಲ್ಲಿ ಹೇಗೆ ನಡೆಯುವುದೆಂಬುದನ್ನು ಎಲ್ಲಿಯಾದರೂ ಒಂದು ಕಡೆ ಆಡಿ ನೋಡಿರಲೇಬೇಕು. ನೀತಿಯ ಹೊತ್ತಗೆಯಲ್ಲಿ ಬೆಂಗಳೂರಿನ ಉತ್ಕೃಷ್ಟತಾ ಕೇಂದ್ರಗಳ ಮಾತಿದೆ. ತಾಲ್ಲೂಕಿಗೊಂದು ವಿದ್ಯಾಲಯದಲ್ಲಿ ಎರಡು ಯಂತ್ರಗಳನ್ನಿಡುವ ವೆಚ್ಚವು ಅಂಥ ಒಂದು ಕೇಂದ್ರದ ಪ್ರಾರಂಭೋತ್ಸವದ ವೆಚ್ಚವನ್ನು ಮೀರಲಾರದೆಂದು ನಮ್ಮ ಅಂದಾಜು.

ಕಂಪನಿಗಳಿಗೆ ಅಗ್ಗಕ್ಕೆ ಕೊಡುವ ಶಕ್ತಿಯಿಲ್ಲವೇ? ಇದಕ್ಕೆ ಉತ್ತರವನ್ನು ಅವರೇ ತಮ್ಮ ಸ್ವದೇಶದಲ್ಲಿ ಕೊಟ್ಟಿದ್ದಾರೆ. ಯೆನ್ ನಾಣ್ಯವು ಇಳಿದು ಯಂತ್ರವು ಜಪಾನೀಯರಿಗೇ ದುಬಾರಿಯಾದಾಗ, 2025ರ ಜೂನ್ 5ರಂದು ನಿಂಟೆಂಡೊ ಕಂಪನಿಯವರು ಸ್ವಿಚ್ 2 ಯಂತ್ರದಲ್ಲಿ ಎರಡು ಬಗೆಗಳನ್ನು ತಂದರು. ಎಲ್ಲ ಭಾಷೆಗಳೂ ಇರುವುದಕ್ಕೆ 69,980 ಯೆನ್. ಜಪಾನೀ ಭಾಷೆಯೊಂದೇ ಇರುವುದಕ್ಕೆ 49,980 ಯೆನ್. ಸೋನಿ ಕಂಪನಿಯವರು ಅದೇ ದಾರಿ ಹಿಡಿದು, 72,980 ಯೆನ್‌ಗಳಿದ್ದ ತಮ್ಮ ಡಿಸ್ಕ್‌ರಹಿತ ಪ್ಲೇಸ್ಟೇಷನ್ 5ರ ಜಪಾನೀ ಮಾತ್ರದ ಬಗೆಯನ್ನು ನವೆಂಬರ್ 21ರಿಂದ 55,000 ಯೆನ್‌ಗೆ ಕೊಟ್ಟರು. ಪರದೇಶದವರು ಕೊಂಡುಹೋಗದಂತೆ ಭಾಷೆಯನ್ನೇ ಬೀಗವನ್ನಾಗಿ ಹಾಕಿದ ಈ ಉಪಾಯವು ನಮ್ಮ ಗಮನವನ್ನು ಬಹಳವಾಗಿ ಸೆಳೆಯಿತು. ಬೆಲೆಯೆಂಬುದು ಯಂತ್ರದೊಳಗಿನ ಚಿಪ್ಪಿನಲ್ಲಿ ಹುಟ್ಟುವುದಿಲ್ಲ. ಆ ದೇಶದ ಮನೆಯು ಎಷ್ಟನ್ನು ತಾಳಬಲ್ಲದೆಂಬ ಲೆಕ್ಕದಲ್ಲಿ ಹುಟ್ಟುತ್ತದೆ ಎಂಬುದನ್ನು ಎರಡು ಕಂಪನಿಗಳೂ ಒಪ್ಪಿದಂತಾಯಿತು.

ಅದೇ ಲೆಕ್ಕವನ್ನು ಭಾರತಕ್ಕೆ ಹಾಕಬಾರದೇಕೆ? ಪ್ಲೇಸ್ಟೇಷನ್ನಿನ ಪರದೆಯ ಮೇಲೆ ಇಂದಿಗೂ ಕನ್ನಡದ ಒಂದಕ್ಷರವೂ ಮೂಡುವುದಿಲ್ಲ. ಕನ್ನಡ, ತೆಲುಗು, ತಮಿಳು, ಹಿಂದಿ ಮೊದಲಾದ ದೇಶಭಾಷೆಗಳು ಮಾತ್ರವೇ ಇರುವ ಯಂತ್ರವೊಂದನ್ನು ಮಾಡಿ ಇಲ್ಲಿಯ ಮನೆಗೆ ತಕ್ಕ ಬೆಲೆಗೆ ಮಾರಿದರೆ ಅದನ್ನು ಲಂಡನ್ನಿಗೋ ದುಬೈಗೋ ಸಾಗಿಸಿ ಲಾಭ ಮಾಡುವವನು ಯಾವನೂ ಇರಲಾರನು. ಅಗ್ಗದ ಯಂತ್ರವು ಹೊರದೇಶಕ್ಕೆ ಹರಿದುಹೋಗುವುದೆಂಬ ಹೆದರಿಕೆಗೂ ಅವಕಾಶವಿರದು. ಇಂಗ್ಲಿಷ್ ಬೇಕೆನ್ನುವ ನಿಷ್ಠಾವಂತ ಆಟಗಾರನು ಹೆಚ್ಚು ಬೆಲೆಯದನ್ನೇ ಕೊಳ್ಳಲಿ, ಅವನು ಹೇಗೂ ಕೊಳ್ಳುತ್ತಾನೆ. ಕೇಂದ್ರ ಸರಕಾರವು ತನ್ನ ಕಡೆಯಿಂದ, ಇಂಥ ದೇಶಭಾಷೆಯ ಯಂತ್ರಕ್ಕೆ ಐದು ವರ್ಷಗಳ ಮಟ್ಟಿಗಾದರೂ ಆಮದು ಸುಂಕವನ್ನು 2018ಕ್ಕೆ ಮುಂಚಿನ ನೂರಕ್ಕೆ 10ಕ್ಕೆ ಇಳಿಸಿ, ಮಾರಾಟವು ಗೊತ್ತಾದ ಸಂಖ್ಯೆಯನ್ನು ಮುಟ್ಟಿದೊಡನೆ ಜೋಡಣೆಯ ಕಾರ್ಖಾನೆಯನ್ನು ಇಲ್ಲಿಯೇ ತೆರೆಯಬೇಕೆಂಬ ಷರತ್ತನ್ನು ಕಂಪನಿಗೆ ಹಾಕಬಹುದು. ಆ ಷರತ್ತನ್ನು ಕೇಳುವ ಅಧಿಕಾರವು ಹಣಕಾಸಿನ ಇಲಾಖೆಯವರಿಗೆ ಪ್ರತಿ ವರ್ಷವೂ ಮುಂಗಡಪತ್ರದ ಕಾಲದಲ್ಲಿ ಬರುತ್ತದೆ. ನಮ್ಮ ರಾಜ್ಯದ ಉದ್ಯಮ ಸಚಿವರು ಆ ಮೊದಲೇ ದೆಹಲಿಗೆ ಒಂದು ಕಾಗದವನ್ನು ಬರೆಯುವುದಕ್ಕೆ ಯಾವ ಸುಂಕವೂ ಅಡ್ಡಿಯಿಲ್ಲ.